ಮಕ್ಕಳ ಕೀವುಹುಣ್ಣಿಗೆ ಆಂಟಿಬಯಾಟಿಕ್ ಮುಲಾಮು: ಹಕ್ಕಳೆ ತೆಗೆಯುವುದರಿಂದ ಐದನೇ ದಿನದವರೆಗೆ

ಮಳೆ ಹಿಡಿದು ಶಾಲೆ ಶುರುವಾದ ಮೇಲೆ ಕುಮಟಾದಲ್ಲಿರುವ ನನ್ನ ಔಷಧ ಅಂಗಡಿಗೆ ಒಂದೇ ನಮೂನೆಯ ದೂರು ಬರುತ್ತದೆ. ಮಗುವಿನ ಮೂಗಿನ ಕೆಳಗೆ, ಬಾಯಿ ಪಕ್ಕ, ಇಲ್ಲವೇ ಮೊಣಕಾಲಿನ ಮೇಲೆ ಹುಣ್ಣಾಗಿದೆ, ಮುಲಾಮು ಹಚ್ಚಿದರೂ ಹೋಗುತ್ತಿಲ್ಲ, ಬೇರೆ ಟ್ಯೂಬ್ ಕೊಡಿ. ಎಷ್ಟೋ ಸಲ ಮೊದಲ ಟ್ಯೂಬೇ ಸರಿ ಇರುತ್ತದೆ, ಹಚ್ಚಿದ ಕ್ರಮ ತಪ್ಪಿರುತ್ತದೆ. ಉಳಿದ ಸಲ ಯಾರೋ ಪಕ್ಕದ ಮನೆಯವರು ಕೊಟ್ಟ, ಹಚ್ಚಲೇಬಾರದ ಟ್ಯೂಬ್ ಹಚ್ಚಿರುತ್ತಾರೆ.

ನಾನು ಡಾಕ್ಟರ್ ಅಲ್ಲ. ಇದು ಇಂಥದ್ದೇ ಕಾಯಿಲೆ ಅಂತ ಹೇಳುವುದು, ಆಂಟಿಬಯಾಟಿಕ್ ಬರೆದುಕೊಡುವುದು ಅವರ ಕೆಲಸ. ಆದರೆ ಚೀಟಿ ಹಿಡಿದು ಮನೆಗೆ ಬಂದ ಮೇಲೆ ಬಚ್ಚಲಲ್ಲಿ ಅಳುವ ಮಗುವನ್ನು ಕೂರಿಸಿಕೊಂಡು ಮಾಡಬೇಕಾದ ಕೆಲಸ ನಿಮ್ಮದು, ಅದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಕೆಳಗಿನದು ಆ ಕೆಲಸದ ಬಗ್ಗೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಮೊದಲೇ ತಂದಿಟ್ಟುಕೊಳ್ಳಬೇಕಾದದ್ದು

ಡಾಕ್ಟರ್ ಬರೆದ ಮುಲಾಮು. ಮೆತ್ತನೆಯ ಹತ್ತಿ ಬಟ್ಟೆಯ ಏಳೆಂಟು ತುಂಡು (ಹಳೆ ಪಂಚೆ ಹರಿದರೆ ಸಾಕು, ಒಗೆದು ಇಸ್ತ್ರಿ ಮಾಡಿರಬೇಕು). ಪರಿಮಳ ಕಡಿಮೆ ಇರುವ ಸಾದಾ ಸೋಪು. ಕುದಿಸಿ ಆರಿಸಿದ ನೀರು. ಇಯರ್‌ಬಡ್. ಉಗುರು ಕತ್ತರಿ. ಸಡಿಲವಾಗಿ ಮುಚ್ಚಲು ಗಾಜ್ ಬಟ್ಟೆ ಮತ್ತು ಪೇಪರ್ ಟೇಪ್. ಆ ಮಗುವಿಗೆ ಅಂತಲೇ ಒಂದು ಟವೆಲ್. ಫೋಟೋ ತೆಗೆಯಲು ಫೋನು.

ಫೋಟೋ ಯಾಕೆ ಅಂದರೆ, ಮೂರನೇ ದಿನ ಹುಣ್ಣು ಕಡಿಮೆಯಾಗಿದೆಯೋ ಇಲ್ಲವೋ ಅಂತ ಅಜ್ಜಿ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಹೇಳುತ್ತಾರೆ. ಮೊದಲ ದಿನ ಹಗಲು ಬೆಳಕಲ್ಲಿ ಒಂದು ಫೋಟೋ ತೆಗೆದಿಡಿ, ವಾದವೇ ಇರುವುದಿಲ್ಲ. ಹುಣ್ಣಿನ ಸುತ್ತ ಕೆಂಪಾಗಿದ್ದರೆ ಆ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡುವುದೂ ಒಳ್ಳೆಯದು.

## ಹಂತ 1: ಇದು ಮುಲಾಮಿಗೆ ಬಗ್ಗುವ ಹುಣ್ಣೇ ಅಂತ ನೋಡಿ

ಡಾಕ್ಟರು ಇಂಪೆಟಿಗೊ ಅನ್ನುವ ಕೀವುಹುಣ್ಣಿನ ಬಗ್ಗೆ ನಾನು ಹೇಳುತ್ತಿರುವುದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಅಥವಾ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಅನ್ನುವ ಬ್ಯಾಕ್ಟೀರಿಯಾ, ಕೆಲವೊಮ್ಮೆ ಎರಡೂ ಸೇರಿ, ಚರ್ಮದ ಮೇಲ್ಪದರದಲ್ಲಿ ಬೆಳೆಯುತ್ತವೆ. ಚರ್ಮ ಎಲ್ಲಿ ಒಡೆದಿದೆಯೋ ಅಲ್ಲಿಂದ ಒಳಗೆ ಹೋಗುತ್ತವೆ. ನಮ್ಮ ಕಡೆ ಚರ್ಮ ಒಡೆಯಲು ಕಾರಣಕ್ಕೆ ಬರವೇ? ಮೇ ತಿಂಗಳ ಬೆವರುಸಾಲೆ, ಸೊಳ್ಳೆ ಮತ್ತು ನುಸಿ ಕಚ್ಚಿ ಕೆರೆದದ್ದು, ಶಿರಸಿ, ಸಿದ್ದಾಪುರ ಕಡೆ ಉಂಬಳ ಹಿಡಿದ ಜಾಗ, ನೆಗಡಿಯಲ್ಲಿ ಒರೆಸಿ ಒರೆಸಿ ಕೆಂಪಾದ ಮೂಗಿನ ಕೆಳಗು.

ಮೊದಲು ಸಣ್ಣ ಗುಳ್ಳೆ, ಅದು ಬೇಗ ಒಡೆದು ರಸ ಸೋರುತ್ತದೆ, ಆಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ಆ ಹಳದಿ ಹಕ್ಕಳೆಯೇ ಮುಖ್ಯ ಗುರುತು. ತುರಿಕೆ ಸ್ವಲ್ಪ ಇರಬಹುದು, ನೋವು ಅಷ್ಟಾಗಿ ಇರುವುದಿಲ್ಲ. ಕೆಂಪು ಬಣ್ಣವನ್ನೇ ನಂಬಬೇಡಿ. ನಮ್ಮ ಮಕ್ಕಳ ಮೈಬಣ್ಣದ ಮೇಲೆ ಕೆಂಪು ಎದ್ದು ಕಾಣುವುದಿಲ್ಲ, ಸುತ್ತಲಿನ ಚರ್ಮ ಸ್ವಲ್ಪ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣಬಹುದು. ಕೈ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ ಅಂತ ನೋಡುವುದು ಹೆಚ್ಚು ನಂಬಿಕೆಯ ದಾರಿ.

ಇನ್ನು ಇದನ್ನು ಹೋಲುವ ಬೇರೆಯವು.

ಉಂಗುರದ ಹಾಗೆ ಸುತ್ತ ಹೊಟ್ಟು, ನಡುವೆ ಚರ್ಮ ಸರಿ ಇದ್ದರೆ ಅದು ಹುಳುಕಡ್ಡಿ, ಶಿಲೀಂಧ್ರದ ಕೆಲಸ. ಆಂಟಿಬಯಾಟಿಕ್ ಮುಲಾಮು ಎಷ್ಟು ಹಚ್ಚಿದರೂ ಉಪಯೋಗವಿಲ್ಲ.

ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ ಇದ್ದು ರಾತ್ರಿ ಹೊತ್ತು ತುರಿಕೆ ತಡೆಯಲಾಗದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಇದ್ದರೆ, ಅದು ಕಜ್ಜಿ. ಕಜ್ಜಿಯ ಮೇಲೆ ಕೀವುಹುಣ್ಣು ಕೂತಿರುವುದು ತುಂಬ ಸಾಮಾನ್ಯ. ಇದನ್ನು ಗುರುತಿಸದೆ ಬರೀ ಮುಲಾಮು ಹಚ್ಚಿದವರೇ ತಿಂಗಳಿಗೊಮ್ಮೆ ಅಂಗಡಿಗೆ ಬರುವವರು.

ಮೈಯೆಲ್ಲ ಗುಳ್ಳೆ, ಜೊತೆಗೆ ಜ್ವರ, ಹಳೆಯವು ಒಣಗುವಾಗ ಹೊಸವು ಏಳುತ್ತಿದ್ದರೆ ಚಿಕನ್‌ಪಾಕ್ಸ್ ಇರಬಹುದು, ನಮ್ಮಲ್ಲಿ ಅಮ್ಮ ಅಂತ ಕರೆಯುವುದು. ಅಂಗೈ, ಅಂಗಾಲು, ಬಾಯೊಳಗೆ ಮಾತ್ರ ಗುಳ್ಳೆ ಇದ್ದರೆ ಅದೂ ವೈರಸ್. ತುಟಿ ಹತ್ತಿರ ಗೊಂಚಲು ಗೊಂಚಲಾಗಿ ನೀರುಗುಳ್ಳೆ ಎದ್ದು ಮಗು ನೋವಿಗೆ ಅಳುತ್ತಿದ್ದರೆ ಅದು ಹರ್ಪಿಸ್ ಇರಬಹುದು. ಇವು ಮೂರಕ್ಕೂ ಈ ಮುಲಾಮು ಅಲ್ಲ.

## ಹಂತ 2: ಮುಲಾಮು ಒಂದೇ ಸಾಕೇ?

ಒಂದು ಜಾಗದಲ್ಲಿ, ಬೆರಳಲ್ಲಿ ಎಣಿಸುವಷ್ಟು ಹುಣ್ಣು ಇದ್ದು ಮಗು ಆಡಿಕೊಂಡು ಉಂಡುಕೊಂಡು ಇದ್ದರೆ ಸಾಮಾನ್ಯವಾಗಿ ಮುಲಾಮು ಸಾಕಾಗುತ್ತದೆ. ಕೆಳಗಿನ ಯಾವುದಾದರೂ ಇದ್ದರೆ ಮುಲಾಮು ಹಚ್ಚುತ್ತಾ ಕೂರಬೇಡಿ, ಬಾಯಿಂದ ಕೊಡುವ ಔಷಧ ಬೇಕಾಗಬಹುದು:

- ಹುಣ್ಣು ಮೈಯ ಬೇರೆ ಬೇರೆ ಕಡೆ ಹರಡಿದೆ, ಅಥವಾ ದಿನದಿಂದ ದಿನಕ್ಕೆ ಎಣಿಕೆ ಏರುತ್ತಿದೆ.
- ದೊಡ್ಡ ದೊಡ್ಡ ನೀರುಗುಳ್ಳೆ ಎದ್ದಿವೆ.
- ಜ್ವರ ಇದೆ, ಕುತ್ತಿಗೆ ಅಥವಾ ತೊಡೆಸಂದಿಯಲ್ಲಿ ಗಂಟು ಊದಿದೆ.
- ಹಕ್ಕಳೆಯ ಕೆಳಗೆ ಗುಳಿ ಬಿದ್ದ ಆಳದ ಹುಣ್ಣು ಇದೆ.
- ಗಟ್ಟಿಯಾದ, ನೋಯುವ ಕುರು ಎದ್ದಿದೆ. ಇದಕ್ಕೆ ಹೊರಗಿನ ಮುಲಾಮು ತಾಗುವುದೇ ಇಲ್ಲ, ಕೀವು ತೆಗೆಸಬೇಕಾಗಬಹುದು. ಮನೆಯಲ್ಲಿ ಹಿಸುಕಬೇಡಿ, ಸೂಜಿ ಚುಚ್ಚಬೇಡಿ.
- ಹುಣ್ಣು ಕಣ್ಣಿನ ಹತ್ತಿರ ಇದೆ.
- ಮಗು ಇನ್ನೂ ಕೆಲವೇ ತಿಂಗಳಿನದು, ಅಥವಾ ಬೇರೆ ದೊಡ್ಡ ಕಾಯಿಲೆಗೆ ಔಷಧ ನಡೆಯುತ್ತಿದೆ.

ಬಾಯಿಂದ ಕೊಡುವ ಔಷಧದ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುತ್ತದೆ. ಅಣ್ಣನಿಗೆ ಕೊಟ್ಟು ಉಳಿದ ಸಿರಪ್ ತಂಗಿಗೆ ಕೊಡುವ ಅಭ್ಯಾಸ ಬಿಡಿ. ಪುಡಿಗೆ ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಫ್ರಿಜ್‌ನಲ್ಲಿಟ್ಟರೂ 7 ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಘಟ್ಟದ ಮೇಲಿನವರಿಗೆ, ಮುಖ್ಯವಾಗಿ ಶಿರಸಿ ಸಿದ್ದಾಪುರದ ಕಾಡಂಚಿನ ಮನೆಯವರಿಗೆ ಒಂದು ಮಾತು. ಚಳಿಗಾಲದಿಂದ ಮಳೆ ಹಿಡಿಯುವ ತನಕ ಉಣುಗು ಕಚ್ಚಿದ ಗಾಯ ಇದ್ದು, ಜೊತೆಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದು ಹುಣ್ಣಿನ ಜ್ವರ ಅಂತ ಸುಮ್ನೆ ಕೂರಬೇಡಿ. ಮಂಗನ ಕಾಯಿಲೆಯ ಪರೀಕ್ಷೆ ಆಗಬೇಕು, ಅದೇ ದಿನ ಆಸ್ಪತ್ರೆಗೆ ಹೋಗಿ ಉಣುಗು ಕಚ್ಚಿದ್ದನ್ನು ಬಾಯಿಬಿಟ್ಟು ಹೇಳಿ.

## ಹಂತ 3: ಕೈಯಲ್ಲಿರುವ ಟ್ಯೂಬ್ ಓದಿ

ಇಲ್ಲಿ ಐದು ನಿಮಿಷ ಕೊಡಿ. ಟ್ಯೂಬಿನ ಮೇಲೆ ದೊಡ್ಡ ಅಕ್ಷರದಲ್ಲಿರುವ ಬ್ರ್ಯಾಂಡ್ ಹೆಸರನ್ನು ಬಿಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತದೆ, ಅದನ್ನು ಓದಿ. ಕಣ್ಣು ಹಿಡಿಯದಿದ್ದರೆ ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಬೇಕಾದದ್ದು: ಮುಪಿರೊಸಿನ್ 2% ಅಥವಾ ಫ್ಯುಸಿಡಿಕ್ ಆಸಿಡ್ 2%. ಇವೆರಡರಲ್ಲಿ ಒಂದನ್ನು ಡಾಕ್ಟರು ಸಾಮಾನ್ಯವಾಗಿ ಬರೆಯುತ್ತಾರೆ. ಮುಪಿರೊಸಿನ್ ಅನ್ನು ಟಿ-ಬ್ಯಾಕ್ಟ್ ಮುಂತಾದ ಹೆಸರಲ್ಲಿ ನೀವು ನೋಡಿರುತ್ತೀರಿ. ಕಂಪನಿ ಯಾವುದಾದರೂ ಇರಲಿ, ಒಳಗೆ ಅದೊಂದೇ ಇರಬೇಕು.

ಬೇಡದ್ದು: ಸ್ಟಿರಾಯ್ಡ್ ಬೆರೆತದ್ದು. ಒಳಗಿನ ಹೆಸರುಗಳಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವುದಾದರೂ ಕಂಡರೆ ಟ್ಯೂಬ್ ಕೆಳಗಿಡಿ. ನಮ್ಮ ದೇಶದಲ್ಲಿ ಆಂಟಿಬಯಾಟಿಕ್, ಶಿಲೀಂಧ್ರದ ಔಷಧ, ಸ್ಟಿರಾಯ್ಡ್ ಮೂರೂ ಬೆರೆಸಿದ ಕ್ರೀಮುಗಳು ಧಾರಾಳವಾಗಿ ಸಿಗುತ್ತವೆ, ಒಂದೇ ಬ್ರ್ಯಾಂಡ್ ಹೆಸರಿನ ಬಾಲಕ್ಕೆ ಒಂದಕ್ಷರ ಸೇರಿದರೆ ಒಳಗಿನ ಔಷಧವೇ ಬದಲಾಗಿರುತ್ತದೆ. ಇಂಥದ್ದು ಹಚ್ಚಿದರೆ ಎರಡು ದಿನ ಕೆಂಪು ಇಳಿದು, ತುರಿಕೆ ನಿಂತು, ಎಲ್ಲರಿಗೂ ಖುಷಿ. ಸ್ಟಿರಾಯ್ಡ್ ಮಾಡುವುದು ಅಷ್ಟೇ, ಉರಿಯೂತ ಅಡಗಿಸುತ್ತದೆ. ಜೊತೆಗೆ ಆ ಜಾಗದ ಚರ್ಮದ ಕಾವಲನ್ನೂ ಕುಗ್ಗಿಸುತ್ತದೆ, ಹಾಗಾಗಿ ನಿಲ್ಲಿಸಿದ ಮೇಲೆ ಮತ್ತೆ ಕೆರಳುವುದುಂಟು. ಮಕ್ಕಳ ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇಸುಬು ಇರುವ ಮಗುವಿಗೆ ಡಾಕ್ಟರ್ ನೋಡಿ ಬರೆದಿದ್ದರೆ ಆ ಮಾತು ಬೇರೆ.

ಎಲ್ಲರ ಮನೆಯಲ್ಲೂ ಇರುವ ನಿಯೋಸ್ಪೋರಿನ್, ಸೋಫ್ರಾಮೈಸಿನ್ ಹಚ್ಚಬಹುದಾ ಅಂತ ಕೇಳುತ್ತಾರೆ. ತರಚಿದ ಗಾಯಕ್ಕೆ ಹಚ್ಚುತ್ತಾ ಬಂದವು ಅವು. ಹಕ್ಕಳೆ ಕಟ್ಟಿದ ಇಂಪೆಟಿಗೊಗೆ ಅವು ಮೊದಲ ಆಯ್ಕೆ ಅಲ್ಲ. ನಿಯೋಮೈಸಿನ್ ಮತ್ತು ಅದರ ಬಳಗದ ಔಷಧ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ಮಾಡುತ್ತದೆ.

ಆಂಟಿಬಯಾಟಿಕ್ ಡಬ್ಬಿಯ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬಾರದು ಅಂತ ಅರ್ಥ. ನಮ್ಮಂಥವರು ಚೀಟಿ ಕೇಳಿದರೆ ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುವವರಿದ್ದಾರೆ, ಹೋಗಲಿ. ಸುಮ್ನೆ ಬೇಕಾಬಿಟ್ಟಿ ಹಚ್ಚಿದಷ್ಟೂ ಈ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಮುಪಿರೊಸಿನ್‌ಗೂ ಫ್ಯುಸಿಡಿಕ್ ಆಸಿಡ್‌ಗೂ ಬಗ್ಗದ ಸ್ಟ್ಯಾಫಿಲೊಕಾಕಸ್ ಈಗಾಗಲೇ ಇವೆ.

## ಹಂತ 4: ಹಕ್ಕಳೆ ನೆನೆಸಿ ತೆಗೆಯಿರಿ

ಹೆಚ್ಚಿನವರು ಸೋಲುವುದು ಇಲ್ಲೇ. ಬ್ಯಾಕ್ಟೀರಿಯಾ ಇರುವುದು ಹಕ್ಕಳೆಯ ಕೆಳಗೆ, ನೀವು ಮುಲಾಮು ಹಚ್ಚುವುದು ಹಕ್ಕಳೆಯ ಮೇಲೆ. ಮುಚ್ಚಳ ಹಾಕಿದ ಕೊಡಕ್ಕೆ ನೀರು ಸುರಿದ ಹಾಗಾಯಿತು.

ಹೀಗೆ ಮಾಡಿ. ನಿಮ್ಮ ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಕುದಿಸಿದ ನೀರು ಉಗುರುಬೆಚ್ಚಗಾದ ಮೇಲೆ ಬಟ್ಟೆ ತುಂಡನ್ನು ಅದ್ದಿ, ಹಿಂಡಿ, ಹಕ್ಕಳೆಯ ಮೇಲೆ ಇಡಿ. ಒಂದೆರಡು ನಿಮಿಷಕ್ಕೆ ಅದು ತಣ್ಣಗಾಗುತ್ತದೆ, ಮತ್ತೆ ಅದ್ದಿ ಇಡಿ. ಹೀಗೆ ಹತ್ತು ನಿಮಿಷ. ಹತ್ತು ನಿಮಿಷ ಅಂದರೆ ಹತ್ತು ನಿಮಿಷವೇ, ಮೂರು ನಿಮಿಷಕ್ಕೆ ಕೈಬಿಟ್ಟು ಕೆರೆಯಲು ಶುರು ಮಾಡಿದರೆ ರಕ್ತ ಬರುತ್ತದೆ, ಮಗು ಅತ್ತು ಮಾರನೇ ದಿನದಿಂದ ಬಟ್ಟೆ ಕಂಡರೇ ಓಡುತ್ತದೆ. ಒಂದು ಕಾರ್ಟೂನ್ ಹಾಕಿ ಕೂರಿಸಿ, ಈ ಕೆಲಸಕ್ಕೆ ಮೊಬೈಲ್ ಕೊಟ್ಟರೆ ಏನೂ ತಪ್ಪಿಲ್ಲ.

ಹಕ್ಕಳೆ ಮೆತ್ತಗಾದ ಮೇಲೆ ಸೋಪಿನ ನೊರೆಯಿಂದ ಮೆಲ್ಲಗೆ ಒರೆಸಿ. ತಾನಾಗಿ ಬಂದಷ್ಟು ಬರಲಿ. ಗಟ್ಟಿಯಾಗಿ ಕೂತದ್ದನ್ನು ಉಗುರಿನಿಂದ ಕೀಳಬೇಡಿ, ಸಂಜೆ ಮತ್ತೆ ನೆನೆಸಿದಾಗ ಬರುತ್ತದೆ. ಕೆಳಗೆ ಕೆಂಪಗಿನ ಒದ್ದೆ ಚರ್ಮ ಕಾಣುತ್ತದೆ, ಹೆದರಬೇಡಿ, ಮುಲಾಮು ತಾಗಬೇಕಾದ ಜಾಗ ಅದೇ. ಒಣ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಒದ್ದೆ ಚರ್ಮದ ಮೇಲೆ ಮುಲಾಮು ನಿಲ್ಲುವುದಿಲ್ಲ.

ಬೇರೆ ಬೇರೆ ಜಾಗದ ಹುಣ್ಣಿಗೆ ಬೇರೆ ಬೇರೆ ಬಟ್ಟೆ ತುಂಡು. ಒಂದರಲ್ಲೇ ಮೂಗಿನ ಕೆಳಗೆ ಒರೆಸಿ ಅದರಲ್ಲೇ ಮೊಣಕೈ ಒರೆಸಿದರೆ ಹರಡುವವರು ನೀವೇ.

ಈ ಹಂತದಲ್ಲಿ ನಮ್ಮ ಕಡೆಯ ತಪ್ಪುಗಳನ್ನು ಹೇಳಲೇಬೇಕು. ಡೆಟಾಲ್ ನೀರು ಬೆರೆಸದೆ ಹಾಕುವುದು: ಚರ್ಮ ಸುಡುತ್ತದೆ. ಅರಿಶಿಣ ಪುಡಿ ಮೆತ್ತುವುದು: ಅದರ ಮೇಲೇ ಹೊಸ ಹಕ್ಕಳೆ ಕಟ್ಟಿಕೊಂಡು ಬಣ್ಣದಲ್ಲಿ ಕೀವು ಯಾವುದು ಅರಿಶಿಣ ಯಾವುದು ಅಂತ ಡಾಕ್ಟರಿಗೂ ತಿಳಿಯದ ಹಾಗಾಗುತ್ತದೆ. ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಬಹಳ ಒಳ್ಳೆಯದು, ನಮ್ಮ ಮನೆಯಲ್ಲೂ ಇದೆ, ಆದರೆ ಕೀವು ಸೋರುವ ಹುಣ್ಣಿಗೆ ಅದು ಬೇಡ. ಸಮುದ್ರದ ನೀರಲ್ಲಿ ಮೀಯಿಸಿದರೆ ಹುಣ್ಣು ಒಣಗುತ್ತದೆ ಅಂತ ಕಾರವಾರದ ಕಡಲ ತೀರಕ್ಕೆ ಮಗುವನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಉಪ್ಪುನೀರು ಉರಿಯುತ್ತದೆ, ಹಸಿ ಹುಣ್ಣಿಗೆ ಮರಳು ಮೆತ್ತಿಕೊಳ್ಳುತ್ತದೆ. ವಾಸಿಯಾಗುವ ತನಕ ಸಮುದ್ರ, ಹೊಳೆ, ಕೆರೆ ಎಲ್ಲದಕ್ಕೂ ರಜೆ.

## ಹಂತ 5: ಹಚ್ಚುವ ರೀತಿ, ಅಳತೆ, ಹೊತ್ತು

ಟ್ಯೂಬಿನ ಬಾಯಿ ಹುಣ್ಣಿಗೆ ತಾಗಬಾರದು. ಇಯರ್‌ಬಡ್ ಮೇಲೆ ಸ್ವಲ್ಪ ಹಿಂಡಿಕೊಂಡು ಹಚ್ಚಿ, ಇನ್ನೊಂದು ಹುಣ್ಣಿಗೆ ಇನ್ನೊಂದು ಬಡ್. ಹುಣ್ಣಿನ ಮೇಲೆ ಮತ್ತು ಅದರ ಅಂಚಿನಾಚೆ ಸ್ವಲ್ಪ ದೂರ ತೆಳ್ಳಗೆ ಹರಡಿ.

ದಪ್ಪ ಮೆತ್ತಿದರೆ ಬೇಗ ಗುಣವಾಗುವುದಿಲ್ಲ, ಅಂಗಿಗೆ ತಾಗಿ ಹೋಗುತ್ತದೆ ಅಷ್ಟೇ. ಅಳತೆಗೆ ಒಂದು ಲೆಕ್ಕ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅಷ್ಟರಲ್ಲಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಹಚ್ಚಬಹುದು. ಮೂರು ನಾಲ್ಕು ನಾಣ್ಯದಗಲದ ಹುಣ್ಣಿಗೆ ಅದರ ಅರ್ಧವೂ ಬೇಡ. ಅಂದರೆ 5 ಗ್ರಾಂನ ಚಿಕ್ಕ ಟ್ಯೂಬ್ ಐದು ದಿನಕ್ಕೆ ಸಾಕು. ಎರಡೇ ದಿನಕ್ಕೆ ಖಾಲಿಯಾದರೆ ನೀವು ಬಳಿಯುತ್ತಿದ್ದೀರಿ, ಹದಿನೈದು ದಿನ ಬಂದರೆ ಹಚ್ಚುವುದನ್ನು ಮರೆಯುತ್ತಿದ್ದೀರಿ.

ಹೊತ್ತು: ಸಾಮಾನ್ಯವಾಗಿ ದಿನಕ್ಕೆ ಮೂರು ಸಲ, 5 ದಿನ. ಕೆಲವು ಡಾಕ್ಟರು ಎರಡು ಸಲ ಬರೆಯುತ್ತಾರೆ, ಹೆಚ್ಚು ದಿನ ಬರೆಯುವುದೂ ಉಂಟು. ಚೀಟಿಯಲ್ಲಿ ಏನಿದೆಯೋ ಅದೇ ನಡೆಯಲಿ. ಶಾಲೆಗೆ ಹೋಗುವ ಮಗುವಾದರೆ ಬೆಳಿಗ್ಗೆ ಸ್ನಾನವಾದ ಮೇಲೆ, ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಮಲಗುವ ಮುಂಚೆ. ಹಕ್ಕಳೆ ನೆನೆಸುವುದನ್ನು ಬೆಳಿಗ್ಗೆ ಮತ್ತು ರಾತ್ರಿ ಮಾಡಿದರೂ ನಡೆಯುತ್ತದೆ, ನಡುವಿನ ಸಲ ತೊಳೆದು ಒರೆಸಿ ಹಚ್ಚಿ.

ಅದರ ಮೇಲೆ ಪೌಡರ್, ತೆಂಗಿನೆಣ್ಣೆ, ಬೇರೆ ಕ್ರೀಮ್ ಏನೂ ಬೇಡ. ಮುಪಿರೊಸಿನ್ ಜೊತೆ ಇನ್ನೊಂದು ಬೆರೆತರೆ ಅದರ ಬಲ ತಗ್ಗುತ್ತದೆ. ಮೈಗೆ ಎಣ್ಣೆ ತಿಕ್ಕಿ ಮೀಯಿಸುವ ರೂಢಿ ಇರುವ ಮನೆಯವರು ಈ ಐದು ದಿನ ಎಣ್ಣೆ ಬಿಡಿ, ಹುಣ್ಣು ಮುಟ್ಟಿದ ಕೈಯೇ ಮೈಯೆಲ್ಲ ಓಡಾಡುತ್ತದೆ ಅಲ್ವಾ.

ಕೆರೆಯುವ ಜಾಗದಲ್ಲಿದ್ದರೆ ಗಾಜ್ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಪ್ಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಬೇಡಿ, ನಮ್ಮ ಸೆಕೆಯಲ್ಲಿ ಒಳಗೆ ಬೆವರು ನಿಂತು ಚರ್ಮ ಬಿಳಚಿಕೊಳ್ಳುತ್ತದೆ. ಮುಖದ ಹುಣ್ಣನ್ನು ಮುಚ್ಚುವ ಅಗತ್ಯವಿಲ್ಲ. ಕಣ್ಣಿಗೆ, ಬಾಯೊಳಗೆ ಹೋಗದಂತೆ ನೋಡಿಕೊಳ್ಳಿ. ಚರ್ಮಕ್ಕೆ ಹಚ್ಚುವ ಮುಲಾಮನ್ನು ಮೂಗಿನ ಹೊಳ್ಳೆಯೊಳಗೆ ಹಾಕಬೇಡಿ, ಮೂಗಿಗೆ ಅಂತ ಬೇರೆ ತಯಾರಿಕೆ ಇದೆ, ಅದು ಬೇಕೋ ಬೇಡವೋ ಡಾಕ್ಟರ್ ಹೇಳುತ್ತಾರೆ.

ಹಚ್ಚಿದಾಗ ಸ್ವಲ್ಪ ಉರಿ ಬಂದು ಹೋದರೆ ಪರವಾಗಿಲ್ಲ. ಹಚ್ಚಿದಷ್ಟು ಜಾಗ ಕೆಂಪಗೆ ಊದಿ ತುರಿಕೆ ಹೆಚ್ಚಾದರೆ ಅಲರ್ಜಿ ಇರಬಹುದು: ತೊಳೆದುಬಿಡಿ, ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಸುಟ್ಟ ಗಾಯ, ದೊಡ್ಡ ತೆರೆದ ಗಾಯಗಳಿಗೆ ಮುಪಿರೊಸಿನ್ ಆಯಿಂಟ್‌ಮೆಂಟ್ ಬಳಿಯಬಾರದು, ಅದರ ತಳದಲ್ಲಿರುವ ಪಾಲಿಎಥಿಲೀನ್ ಗ್ಲೈಕಾಲ್ ಮೈಯೊಳಗೆ ಸೇರಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು.

## ಹಂತ 6: ಮನೆಯಲ್ಲಿ ಹರಡದ ಹಾಗೆ ತಡೆಯಿರಿ

ಮೊದಲ ಕೆಲಸ ಉಗುರು ಕತ್ತರಿಸುವುದು. ಹುಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹೆಚ್ಚಾಗಿ ಮಗುವಿನ ಉಗುರಿನಲ್ಲೇ.

ಟವೆಲ್, ದಿಂಬಿನ ಬಟ್ಟೆ, ಹೊದಿಕೆ ಬೇರೆ ಇರಲಿ. ದಿನವೂ ಬಿಸಿನೀರಲ್ಲಿ ಒಗೆಯಿರಿ. ಆದರೆ ಜುಲೈನಲ್ಲಿ ಒಗೆದದ್ದು ಒಣಗುವುದೆಲ್ಲಿ? ಹಗ್ಗದ ಮೇಲೆ ನಾಲ್ಕು ದಿನ ಮುಗ್ಗಲು ವಾಸನೆ ಹೊಡೆಯುತ್ತಾ ತೂಗಾಡುತ್ತದೆ, ಕೊನೆಗೆ ಅದೇ ಅರೆ ಒದ್ದೆ ಟವೆಲ್ಲಿನಲ್ಲಿ ಮಗುವನ್ನು ಒರೆಸುತ್ತಾರೆ. ಹಾಗಾಗಿ ದೊಡ್ಡ ಟವೆಲ್ ಬಿಟ್ಟು ತೆಳ್ಳಗಿನ ಪಂಚೆ ತುಂಡು ಬಳಸಿ, ಬೇಗ ಒಣಗುತ್ತದೆ. ಬಚ್ಚಲ ಒಲೆಯ ಹತ್ತಿರ ಅಥವಾ ಫ್ಯಾನ್ ಕೆಳಗೆ ಆರಿಸಿ, ಬಳಸುವ ಮುಂಚೆ ಕಾದ ಇಸ್ತ್ರಿ ಎಳೆಯಿರಿ. ಚಡ್ಡಿ, ಬನಿಯನ್ನಿಗೂ ಇಸ್ತ್ರಿ. ಒದ್ದೆ ಯೂನಿಫಾರ್ಮ್, ಒದ್ದೆ ಸಾಕ್ಸ್ ಹಾಕಿ ಕಳಿಸಬೇಡಿ.

ಔಷಧ ಶುರು ಮಾಡಿ 48 ಗಂಟೆ ಆಗುವ ತನಕ, ಇಲ್ಲವೇ ಹುಣ್ಣೆಲ್ಲ ಒಣಗುವ ತನಕ, ಅಂಗನವಾಡಿ ಅಥವಾ ಶಾಲೆಗೆ ಕಳಿಸಬೇಡಿ. ಆಮೇಲೆ ಕಳಿಸಬಹುದು, ಕಲೆ ಹೋಗುವ ತನಕ ಕಾಯಬೇಕಿಲ್ಲ. ಮೂಗಲ್ಲಿ ಬೆರಳು ಹಾಕುವ ಅಭ್ಯಾಸ ಇರುವ ಮಗುವಾದರೆ ಅದನ್ನು ಬಿಡಿಸಲು ನೋಡಿ. ಸ್ಟ್ಯಾಫಿಲೊಕಾಕಸ್‌ಗೆ ಮೂಗು ಬಹಳ ಇಷ್ಟದ ಜಾಗ, ಮೂಗಿನಿಂದ ಬೆರಳಿಗೆ, ಬೆರಳಿನಿಂದ ಸೊಳ್ಳೆ ಕಚ್ಚಿದ ಜಾಗಕ್ಕೆ ಬರುತ್ತದೆ.

ಇನ್ನು ಊಟ. ಮೀನು ತಿಂದರೆ ನಂಜು, ಬದನೆಕಾಯಿ ನಂಜು, ಹಲಸು ನಂಜು ಅಂತ ಮಗುವಿಗೆ ಗಂಜಿ ಉಪ್ಪಿನಕಾಯಿ ಮಾತ್ರ ಹಾಕುವ ಮನೆಗಳಿವೆ. ಮೀನು ಬಿಟ್ಟರೆ ಈ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ಮೀನಿನ ಅಲರ್ಜಿ ಇಲ್ಲದ ಮಗು ಎಂದಿನ ಹಾಗೆ ಉಣ್ಣಲಿ. ಅಜ್ಜಿಯ ಜೊತೆ ಈ ವಿಷಯಕ್ಕೆ ಜಗಳ ಬೇಡ, ಮೊಟ್ಟೆಯೋ ಬೇಳೆಯೋ ಹಾಕಿ ದಾಟಿಸಿ.

## ಹಂತ 7: ಮೂರನೇ ದಿನ ತೀರ್ಮಾನ ಮಾಡಿ, ಐದನೇ ದಿನ ಮುಗಿಸಿ

ಮೊದಲ ಎರಡು ದಿನದಲ್ಲಿ ರಸ ಸೋರುವುದು ಕಡಿಮೆಯಾಗಬೇಕು. ಮೂರನೇ ದಿನ ಬೆಳಿಗ್ಗೆ ಮೊದಲ ದಿನದ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿ. ಹೊಸ ಹುಣ್ಣು ಎದ್ದಿಲ್ಲ, ಹಳೆಯದು ಒಣಗುತ್ತಿದೆ, ಪೆನ್ನಿನ ಗೆರೆ ದಾಟಿ ಕೆಂಪು ಹೋಗಿಲ್ಲ ಅಂದರೆ ಸರಿಯಾದ ದಾರಿಯಲ್ಲಿದ್ದೀರಿ, ಮುಂದುವರಿಸಿ. ಎರಡನೇ ದಿನವೇ ಚೆನ್ನಾಗಿ ಕಂಡಿತು ಅಂತ ನಿಲ್ಲಿಸುವುದು ಹಕ್ಕಳೆ ತೆಗೆಯದಷ್ಟೇ ದೊಡ್ಡ ತಪ್ಪು.

ಹೊಸ ಹುಣ್ಣು ಬಂದಿದೆ ಅಥವಾ ಏನೂ ಬದಲಾಗಿಲ್ಲ ಅಂದರೆ ಅದೇ ದಿನ ಡಾಕ್ಟರ್ ಹತ್ತಿರ ವಾಪಸ್ ಹೋಗಿ. ಇನ್ನೊಂದು ಟ್ಯೂಬ್ ಕೇಳಲು ನನ್ನಂಥವರ ಹತ್ತಿರ ಬರಬೇಡಿ. ಕೀವಿನ ಮಾದರಿ ತೆಗೆದು ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಲ್ಯಾಬಿನಲ್ಲಿ ನೋಡಬೇಕಾಗಬಹುದು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ, ಅಲ್ಲಿ ಆಗದಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಘಟ್ಟದ ಆಚೀಚೆ ಹಳ್ಳಿಯಲ್ಲಿರುವವರು ಮಳೆ ನೋಡಿಕೊಂಡು ಒಂದು ದಿನ ಮುಂಚೆಯೇ ಹೊರಡಿ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಮೂರನೇ ದಿನದ ಕೆಲಸ ಆರನೇ ದಿನಕ್ಕೆ ಹೋಗುತ್ತದೆ.

ಐದನೇ ದಿನ ಹಕ್ಕಳೆ ಉದುರಿ ತಿಳಿ ಗುಲಾಬಿ ಅಥವಾ ಬಿಳಿಚಿದ ಚರ್ಮ ಕಾಣುತ್ತದೆ. ಚೀಟಿಯಲ್ಲಿ ಹೆಚ್ಚು ದಿನ ಬರೆದಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಕಲೆ ಹೋಗಲಿ ಅಂತ ಆಂಟಿಬಯಾಟಿಕ್ ಹಚ್ಚುತ್ತಾ ಇರಬೇಡಿ. ಈ ಮೇಲ್ಪದರದ ಹುಣ್ಣು ಸಾಮಾನ್ಯವಾಗಿ ಗಾಯದ ಗುರುತು ಬಿಡುವುದಿಲ್ಲ, ಬಣ್ಣದ ವ್ಯತ್ಯಾಸ ಮಾತ್ರ ಕೆಲವು ವಾರ ಇದ್ದು ತಾನಾಗಿ ಹೋಗುತ್ತದೆ. ಮಿಕ್ಕ ಟ್ಯೂಬ್ ಎಸೆದುಬಿಡಿ. ಬಚ್ಚಲ ಕಿಟಕಿಯಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ತೆಗೆಯುವುದು ಬೇಡ.

## ಮತ್ತೆ ಮತ್ತೆ ಬರುತ್ತಿದ್ದರೆ

ಹುಣ್ಣಿನ ಹಿಂದೆ ಏನಿದೆ ಅಂತ ಹುಡುಕಿ. ಕಜ್ಜಿ ಇದ್ದರೆ ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ ಸೇರಿ. ಸಾಮಾನ್ಯವಾಗಿ ಪರ್ಮೆಥ್ರಿನ್ 5% ಕ್ರೀಮ್ ಬರೆಯುತ್ತಾರೆ. ಅಪ್ಪ ಮಾತ್ರ ನನಗೇನಿಲ್ಲ ಅಂತ ಬಿಟ್ಟರೆ ಅಪ್ಪನಿಂದಲೇ ವಾಪಸ್ ಬರುತ್ತದೆ. ಹುಣ್ಣು ಕತ್ತಿನ ಹಿಂದೆ, ಕೂದಲಂಚಿನಲ್ಲೇ ಏಳುತ್ತಿದ್ದರೆ ತಲೆಯಲ್ಲಿ ಹೇನು ನೋಡಿ. ಮೊಣಕೈ, ಮೊಣಕಾಲು ಮಡಿಕೆಯಲ್ಲಿ ಒಣ ಚರ್ಮ, ತುರಿಕೆ ಇದ್ದರೆ ಇಸುಬು, ಅದಕ್ಕೆ ಬೇರೆಯೇ ಚಿಕಿತ್ಸೆ. ಸೊಳ್ಳೆ ಕಡಿತದಿಂದಲೇ ಶುರುವಾಗುವುದಾದರೆ ಸೊಳ್ಳೆಪರದೆ, ಸಂಜೆ ಹೊತ್ತು ತುಂಬುತೋಳಿನ ಅಂಗಿ. ಇದಾವುದೂ ಅಲ್ಲದಿದ್ದರೆ ಮನೆಯಲ್ಲಿ ಯಾರಿಗೆ ಪದೇ ಪದೇ ಕುರು ಏಳುತ್ತದೆ ಅಂತ ಡಾಕ್ಟರಿಗೆ ಹೇಳಿ.

## ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗುರುತು

- ಕಣ್ಣಿನ ಸುತ್ತ ಊದಿ ರೆಪ್ಪೆ ತೆರೆಯಲಾಗುತ್ತಿಲ್ಲ.
- ಹುಣ್ಣಿನ ಸುತ್ತಲಿನ ಚರ್ಮ ಬಿಸಿಯಾಗಿ, ಗಟ್ಟಿಯಾಗಿ, ನೋಯುತ್ತಾ ಗಂಟೆಗಂಟೆಗೆ ಅಗಲವಾಗುತ್ತಿದೆ, ಅಥವಾ ಅಲ್ಲಿಂದ ಕೆಂಪು ಗೆರೆ ಮೇಲಕ್ಕೆ ಹೊರಟಿದೆ.
- ಸುಟ್ಟ ಹಾಗೆ ಚರ್ಮ ಸುಲಿಯುತ್ತಿದೆ, ಮುಟ್ಟಿದರೆ ಮಗು ಚೀರುತ್ತದೆ. ಕಂಕುಳು, ಕತ್ತು, ತೊಡೆಸಂದಿಯಲ್ಲಿ ಮೊದಲು ಕಾಣಬಹುದು. ಸ್ಟ್ಯಾಫಿಲೊಕಾಕಸ್‌ನ ವಿಷದಿಂದ ಹೀಗಾಗುತ್ತದೆ, ಸಣ್ಣ ಮಕ್ಕಳಿಗೆ ಅಪಾಯ.
- ಜೋರು ಜ್ವರ, ಮಂಪರು, ಹಾಲು ನೀರು ಬಿಟ್ಟಿದೆ.
- ಹುಟ್ಟಿ ತಿಂಗಳೂ ಆಗದ ಕೂಸಿನ ಮೈಮೇಲೆ ಕೀವುಗುಳ್ಳೆ. ಒಂದೇ ಇದ್ದರೂ ಅದೇ ದಿನ ತೋರಿಸಿ.

ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

## ಹುಣ್ಣು ಹೋದ ಮೇಲೂ ಆರು ವಾರ ಮೂತ್ರ ನೋಡಿ

ಇದನ್ನು ಅಂಗಡಿಯಲ್ಲಿ ಹೇಳಿದರೆ ಜನ ನಂಬುವುದಿಲ್ಲ. ಸ್ಟ್ರೆಪ್ಟೊಕಾಕಸ್‌ನ ಕೆಲವು ತಳಿಗಳು ಚರ್ಮದಲ್ಲಿ ಹುಣ್ಣು ಮಾಡಿ ಹೋದ ಮೂರರಿಂದ ಆರು ವಾರದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ಉರಿಯೂತ ತರಬಹುದು. ಇದು ಅಪರೂಪ, ಆದರೆ ಹುಣ್ಣು ಪೂರ್ತಿ ವಾಸಿಯಾಗಿದ್ದರೂ, ಔಷಧ ಸರಿಯಾಗಿ ಹಚ್ಚಿದ್ದರೂ ಬರಬಹುದು. ಬೆಳಿಗ್ಗೆ ಏಳುವಾಗ ಮುಖ, ಕಣ್ಣಿನ ಸುತ್ತ ಊದಿರುವುದು, ಮೂತ್ರ ಕೋಲಾ ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು, ಮೂತ್ರವೇ ಕಡಿಮೆಯಾಗುವುದು ಇದರ ಲಕ್ಷಣ. ಹೀಗೆ ಕಂಡರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಒಂದು ತಿಂಗಳ ಹಿಂದೆ ಚರ್ಮದ ಮೇಲೆ ಹುಣ್ಣಾಗಿತ್ತು ಅಂತ ನೀವೇ ಹೇಳಿ, ಮೊದಲ ದಿನ ತೆಗೆದ ಫೋಟೋ ಇದ್ದರೆ ತೋರಿಸಿ. ಮೂತ್ರ ಪರೀಕ್ಷೆ ಮಾಡಿ ಬಿಪಿ ನೋಡುತ್ತಾರೆ.